ಸನ್ನಡತೆಯ ಬಿಡುಗಡೆ: ಯಾರಿಗೆ, ಯಾರನ್ನು ಕೇಳಿ?

ಕಳೆದ ವಾರ ರಾಜ್ಯಶಾಸ್ತ್ರ ತರಗತಿಯಲ್ಲಿ ರಾಜ್ಯಪಾಲರ ಅಧಿಕಾರಗಳ ಪಾಠ ನಡೆದಿತ್ತು. ಶಿಕ್ಷೆ ಕಡಿಮೆ ಮಾಡುವ ಸಂವಿಧಾನದ 161ನೇ ವಿಧಿ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಜೀವಾವಧಿ ಅಂದ್ರ ಹದಿನಾಲ್ಕ ವರ್ಷ ಅಲ್ರೀ? ಆಮ್ಯಾಲ ಬಿಟ್ಟಬಿಡ್ತಾರಲ್ಲ?" ಇನ್ನೊಬ್ಬ ಕೂಡಲೇ ಹೇಳಿದ: "ಬಿಡಬಾರ್ದು. ನಾಯಿ ಬಾಲ ಡೊಂಕನ ಇರತದ." ತರಗತಿ ಎರಡು ಪಾಲಾಯಿತು. ಗಂಟೆ ಹೊಡೆದರೂ ಜಗಳ ಮುಗಿಯಲಿಲ್ಲ. ಅಂದು ಹೇಳಲಾಗದ ನನ್ನ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂದೇ ಅರ್ಥ. 14 ವರ್ಷ ಎಂಬುದು ಬಿಡುಗಡೆಯ ದಿನಾಂಕವಲ್ಲ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರನ್ನು 14 ವರ್ಷ ತುಂಬುವ ಮೊದಲು ಸರ್ಕಾರ ಬಿಡುವಂತಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಅಂದರೆ 14 ವರ್ಷವಾದ ಮೇಲೆ ಅರ್ಜಿ ಹಾಕಬಹುದು, ಅಷ್ಟೇ. ಬಿಡುವುದೋ ಬೇಡವೋ ಎಂಬುದನ್ನು ಆಮೇಲೆ ವಿಚಾರ ಮಾಡಬೇಕು.

ಆ ವಿಚಾರಕ್ಕೂ ಅಳತೆಗೋಲು ಇದೆ. 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಪ್ರಶ್ನೆಗಳನ್ನು ಮುಂದಿಟ್ಟಿತು. ಈ ಅಪರಾಧ ಇಡೀ ಸಮಾಜವನ್ನು ತಟ್ಟುವಂಥದ್ದೇ? ಈ ವ್ಯಕ್ತಿ ಮತ್ತೆ ಅಪರಾಧ ಮಾಡುವ ಸಂಭವ ಇದೆಯೇ? ಅಪರಾಧ ಮಾಡುವ ಶಕ್ತಿ ಅವನಲ್ಲಿ ಉಳಿದಿದೆಯೇ? ಇನ್ನೂ ಒಳಗಿಡುವುದರಿಂದ ಪ್ರಯೋಜನ ಇದೆಯೇ? ಅವನ ಕುಟುಂಬದ ಸ್ಥಿತಿ ಹೇಗಿದೆ?

ಬಿಡುಗಡೆ ಬೇಡವೇ ಬೇಡ ಎನ್ನುವವರಿಗೆ ನಮ್ಮ ಜಿಲ್ಲೆಯ ಒಂದು ಉದಾಹರಣೆ ಹೇಳುತ್ತೇನೆ. ಕಲಬುರಗಿಯಲ್ಲಿ ಎಂಬಿಬಿಎಸ್ ಓದುತ್ತಿದ್ದ ಯುವಕರೊಬ್ಬರು ಕೊಲೆ ಪ್ರಕರಣದಲ್ಲಿ ಜೈಲು ಸೇರಿದರು. ಸುಮಾರು 14 ವರ್ಷ ಒಳಗಿದ್ದು, ಸನ್ನಡತೆಯ ಮೇಲೆ 2016ರಲ್ಲಿ ಹೊರಬಂದರು. ಬಿಟ್ಟ ಓದನ್ನು ಮತ್ತೆ ಹಿಡಿದು 2019ರಲ್ಲಿ ಮುಗಿಸಿದರು. ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಆ ಬಾಗಿಲು ಮುಚ್ಚಿದ್ದರೆ ನಮ್ಮ ಭಾಗ ಒಬ್ಬ ವೈದ್ಯರನ್ನು ಕಳೆದುಕೊಳ್ಳುತ್ತಿತ್ತು.

ಆದರೆ ಉಮೇಶ್ ರೆಡ್ಡಿಯ ಕಥೆ ಬೇರೆ. ಚಿತ್ರದುರ್ಗ ಜಿಲ್ಲೆಯ ಈತ ಪೊಲೀಸ್ ಪೇದೆಯಾಗಿದ್ದವನು. ಮನೆಯಲ್ಲಿ ಒಂಟಿಯಾಗಿದ್ದ ಹೆಣ್ಣುಮಕ್ಕಳೇ ಇವನ ಗುರಿ. ಸಿಕ್ಕಿಬಿದ್ದ ಮೇಲೂ ಪೊಲೀಸರಿಂದ ತಪ್ಪಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ ಇಳಿದ. 1998ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಒಬ್ಬ ತಾಯಿಯ ಮೇಲೆ ಅತ್ಯಾಚಾರ ಮಾಡಿ ಕೊಂದ. ಹೊರಗೆ ಆಡಿ ಮನೆಗೆ ಬಂದ ಆಕೆಯ ಪುಟ್ಟ ಮಗ ಅವನನ್ನು ಅಲ್ಲೇ ಕಂಡ. ಈ ಪ್ರಕರಣದಲ್ಲಿ ಅವನಿಗೆ ಮರಣದಂಡನೆಯಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಸುಮಾರು 10 ವರ್ಷ ಕಾನೂನುಬಾಹಿರವಾಗಿ ಒಂಟಿ ಕೋಣೆಯಲ್ಲಿ ಇಟ್ಟಿದ್ದರೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಅದನ್ನು ಜೀವಾವಧಿಗೆ ಇಳಿಸಿತು. ನಿಜವಾಗಿ 30 ವರ್ಷ ಜೈಲಿನಲ್ಲಿ ಕಳೆದ ಮೇಲಷ್ಟೇ ಬಿಡುಗಡೆಯ ಅರ್ಜಿ ನೋಡಬೇಕು ಎಂದಿತು. ಈ ತೀರ್ಪು ಸರಿ ಎಂದೇ ನನಗನಿಸುತ್ತದೆ. ಕಾನೂನು ಮೀರುವ ಹಕ್ಕು ಜೈಲಿಗೂ ಇಲ್ಲ.

ನನ್ನ ಚಿಂತೆ ಅರ್ಜಿ ಬರುವ ಆ ದಿನದ ಬಗ್ಗೆ. ಅಂದು ಜೈಲಿನಿಂದ "ಸನ್ನಡತೆ" ಎಂಬ ಒಂದು ವರದಿ ಬರುತ್ತದೆ. ಒಂಟಿ ಹೆಣ್ಣುಮಕ್ಕಳ ಮೇಲೆ ಬೀಳುತ್ತಿದ್ದವನು ಗಂಡಸರ ಜೈಲಿನಲ್ಲಿ ಸುಮ್ಮನಿದ್ದ ಎಂದರೆ ಅದರಿಂದ ಏನು ತಿಳಿಯಿತು? ಅಲ್ಲಿ ಅವನಿಗೆ ಅವಕಾಶವೇ ಇರಲಿಲ್ಲ. ಅಷ್ಟೇ ಏಕೆ, ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಇವನ ಕೈಯಲ್ಲೇ ಮೊಬೈಲ್ ಇದ್ದ ವಿಡಿಯೊ 2025ರ ನವೆಂಬರ್‌ನಲ್ಲಿ ಹರಿದಾಡಿತು. ಕೈದಿಯ ಕೈಯಲ್ಲಿದ್ದ ಫೋನೇ ಕಾಣದಿದ್ದರೆ, ಅವನ ಮನಸ್ಸು ಬದಲಾಗಿದ್ದು ಹೇಗೆ ಕಂಡೀತು?

ಇನ್ನು ನೊಂದವರ ಮಾತು. ಬಿಲ್ಕಿಸ್ ಬಾನು ಅವರ ಮೇಲೆ 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರವಾಯಿತು. ಮೂರು ವರ್ಷದ ಮಗಳೂ ಸೇರಿ ಕುಟುಂಬದ ಹಲವರನ್ನು ಕೊಂದರು. 2022ರ ಆಗಸ್ಟ್ 15ರಂದು 11 ಅಪರಾಧಿಗಳನ್ನು ಬಿಟ್ಟಾಗ ಆಕೆಯನ್ನು ಯಾರೂ ಕೇಳಿರಲಿಲ್ಲ. ಹೊರಬಂದವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದರು. ಶಿಕ್ಷೆಯಾದದ್ದು ಮುಂಬೈ ನ್ಯಾಯಾಲಯದಲ್ಲಿ. ಆದ್ದರಿಂದ ತೀರ್ಮಾನಿಸುವ ಅಧಿಕಾರ ಗುಜರಾತ್ ಸರ್ಕಾರಕ್ಕೆ ಇರಲಿಲ್ಲ ಎಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದು ಮಾಡಿತು. ಆ ಪೀಠದಲ್ಲಿದ್ದವರು ನಮ್ಮ ಕರ್ನಾಟಕ ಹೈಕೋರ್ಟ್‌ನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ಅಪರಾಧಿಗಳು ಮತ್ತೆ ಜೈಲಿಗೆ ಹೋದರು.

ಕೊಲೆಯಲ್ಲಿ ಕ್ಷಮಿಸುವ ಹಕ್ಕು ಸತ್ತವರ ವಾರಸುದಾರರದ್ದು ಎಂದು ದೀನಿಯಾತ್‌ನಲ್ಲಿ ಓದಿದ್ದೇವೆ. ಕ್ಷಮಿಸುವುದು ಪುಣ್ಯ, ಆದರೆ ಅವರ ಪರವಾಗಿ ಬೇರೆಯವರು ಕ್ಷಮಿಸಲಾಗದು. ತೌಬಾ ಎಂದರೂ ಬಾಯಿಮಾತಲ್ಲ. ತಪ್ಪನ್ನು ಬಿಟ್ಟು ತಿದ್ದಿಕೊಂಡು ತೋರಿಸಬೇಕು. ನಮ್ಮ ದೇಶದ ಕಾನೂನು ಬೇರೆ, ಅಲ್ಲಿ ಅಧಿಕಾರ ಸರ್ಕಾರದ್ದು. ಆದರೂ ನೊಂದವರನ್ನು ಒಂದು ಮಾತು ಕೇಳಲು ಯಾವ ಅಡ್ಡಿ ಇದೆ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಒಮ್ಮೆ ಕಾಲು ಜಾರಿದವನಿಗೂ ಮತ್ತೆ ಮತ್ತೆ ಹಿಂಸೆ ಮಾಡಿದವನಿಗೂ ಒಂದೇ ಪಟ್ಟಿ ಬೇಡ. ಎರಡನೆಯವನ ಬಗ್ಗೆ ಜೈಲಿನ ವರದಿ ಒಂದೇ ಸಾಲದು. ಅವನ ಹಳೆಯ ಪ್ರಕರಣಗಳೆಲ್ಲ ಮುಂದಿರಬೇಕು, ಮನೋವೈದ್ಯರೂ ಪರೀಕ್ಷಿಸಬೇಕು. ಬದಲಾಗಿದ್ದೇನೆ ಎಂದು ತೋರಿಸುವ ಹೊಣೆ ಅವನದೇ ಆಗಲಿ. ಸಹಿ ಬೀಳುವ ಮೊದಲು ನೊಂದವರ ಮನೆಗೆ ತಿಳಿಸಿ, ಅವರ ಮಾತು ಬರೆದುಕೊಳ್ಳಲಿ.

ಅಂದು ಮನೆಗೆ ಬಂದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಉಮೇಶ್ ರೆಡ್ಡಿಯ ಅರ್ಜಿ ಬಂದ ದಿನ ಅವನಿಗೆ ಮೊದಲು ಸರ್ಕಾರದ ಪತ್ರ ಬರಬೇಕು. ಟಿ.ವಿ. ಸುದ್ದಿ ನೋಡಿ ತಿಳಿಯುವಂತಾಗಬಾರದು.