ಎಳೆಗಳ ಲೆಕ್ಕ

ಮನೆಗೆ ಗಣಕಯಂತ್ರವನ್ನು ಕೊಳ್ಳಲು ಹೋದವರಿಗೆ ಅಂಗಡಿಯವನು ಮೊದಲು ಹೇಳುವುದು ಸಂಖ್ಯೆಗಳನ್ನು. ಎಂಟು ಕೋರ್, ಹದಿನಾರು ಥ್ರೆಡ್ ಎಂದು ಪೆಟ್ಟಿಗೆಯ ಮೇಲೂ ಅಚ್ಚಾಗಿರುತ್ತದೆ. ಹದಿನಾರು ಎಂಟರ ಇಮ್ಮಡಿ. ಆದುದರಿಂದ ಕೆಲಸವೂ ಇಮ್ಮಡಿ ವೇಗದಿಂದ ಸಾಗುವುದೆಂದು ಕೊಳ್ಳುವವನು ಭಾವಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಆ ಭಾವನೆಯನ್ನು ನಂಬಿ ಹೆಚ್ಚು ಹಣ ತೆರುವುದು ವಿವೇಕವೆನಿಸದು.

ಸಂಸ್ಕಾರಕದಲ್ಲಿ ನಿಜವಾಗಿ ಲೆಕ್ಕ ಮಾಡುವ ಭಾಗವೇ ಕೋರ್. ಥ್ರೆಡ್ ಎಂದರೆ ಎಳೆ. ಒಂದರ ಹಿಂದೊಂದರಂತೆ ನಡೆಯಬೇಕಾದ ಆದೇಶಗಳ ಸಾಲಿಗೆ ಈ ಹೆಸರು. ಕೋರಿನ ವೇಗಕ್ಕೆ ಮುಖ್ಯ ಮೆಮೊರಿಯ ವೇಗ ಸಾಟಿಯಲ್ಲ. ಬೇಕಾದ ಅಂಶವೊಂದು ಅಲ್ಲಿಂದ ಬಂದು ಸೇರುವಷ್ಟರಲ್ಲಿ ಕೋರಿನ ಗಡಿಯಾರ ನೂರಾರು ಸಲ ಮಿಡಿದಿರುತ್ತದೆ. ಅಷ್ಟು ಹೊತ್ತೂ ಅದು ಕೈಕಟ್ಟಿ ಕುಳಿತಿರುವ ಬದಲು ಇನ್ನೊಂದು ಎಳೆಯ ಕೆಲಸವನ್ನು ಮಾಡಲಿ ಎಂಬುದೇ ಇಲ್ಲಿಯ ಉಪಾಯ. ಇಂಟೆಲ್ ಸಂಸ್ಥೆಯು ಇದನ್ನು ಹೈಪರ್ ಥ್ರೆಡಿಂಗ್ ಎಂಬ ಹೆಸರಿನಿಂದ 2002ರಲ್ಲಿ ಪೆಂಟಿಯಮ್ 4 ಸಂಸ್ಕಾರಕದ ಮೂಲಕ ಮನೆಗಳಿಗೆ ತಲುಪಿಸಿತು.

ಅಡುಗೆಮನೆಯಲ್ಲಿ ಇದು ಹೊಸತಲ್ಲ. ಬೇಳೆ ಬೇಯುವವರೆಗೆ ಬಾಣಸಿಗನು ಸುಮ್ಮನೆ ನಿಲ್ಲದೆ ಪಲ್ಯಕ್ಕೆ ತರಕಾರಿ ಹೆಚ್ಚುತ್ತಾನೆ. ಹೊತ್ತು ಉಳಿಯುತ್ತದೆ, ನಿಜ. ಆದರೆ ಅವನ ಕೈಗಳು ಎರಡೇ. ಒಗ್ಗರಣೆ ಸೀಯುವ ಹೊತ್ತಿಗೇ ಹಾಲು ಉಕ್ಕಿದರೆ ಒಂದು ಕೆಡಲೇಬೇಕು. ಒಂದೇ ಕೋರನ್ನು ಹಂಚಿಕೊಂಡ ಎರಡು ಎಳೆಗಳ ಸ್ಥಿತಿಯೂ ಇದೇ. ಎರಡಕ್ಕೂ ಏಕಕಾಲದಲ್ಲಿ ಅದೇ ಭಾಗ ಬೇಕಾದರೆ ಒಂದು ಕಾಯುತ್ತದೆ. ಕೋರಿನ ಬಳಿಯಲ್ಲಿರುವ ಕ್ಯಾಶ್ ಎಂಬ ಪುಟ್ಟ ಉಗ್ರಾಣವನ್ನೂ ಅವು ಹಂಚಿಕೊಳ್ಳಬೇಕಾದುದರಿಂದ ಕೆಲವು ತಂತ್ರಾಂಶಗಳು ಮೊದಲಿಗಿಂತ ನಿಧಾನವಾಗುವುದೂ ಉಂಟು.

ಇದನ್ನು ರೂಪಿಸಿದ ಇಂಜಿನಿಯರುಗಳೇ 2002ರಲ್ಲಿ ಹೇಳಿಕೊಂಡದ್ದು ಶೇಕಡಾ 30ರವರೆಗಿನ ಲಾಭವನ್ನು. ಅದೂ ಸರ್ವರ್ ಕೆಲಸಗಳಲ್ಲಿ. ಚಿಪ್ಪಿನ ಗಾತ್ರ ಬೆಳೆದದ್ದು ಶೇಕಡಾ 5ಕ್ಕೂ ಕಡಿಮೆ. ಅಷ್ಟು ಅಲ್ಪ ವೆಚ್ಚಕ್ಕೆ ಅದು ಸೊಗಸಾದ ಗಳಿಕೆಯೇ ಸರಿ. ಜಾಣ್ಮೆಯ ಈ ಉಪಾಯಕ್ಕೆ ಇಮ್ಮಡಿಯೆಂಬ ಹುಸಿ ಕೀರ್ತಿಯನ್ನು ಹೊರಿಸಿದವರು ಮಾರುವವರು.

ತಂತ್ರಾಂಶದ ಸ್ವಭಾವವನ್ನೂ ಗಮನಿಸಬೇಕು. ದೀರ್ಘವಾದ ಚಲನಚಿತ್ರವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಕೆಲಸವನ್ನು ತುಂಡುಮಾಡಿ ಹಲವು ಎಳೆಗಳಿಗೆ ಹಂಚಬಹುದು. ಹಿಂದಿನ ಹೆಜ್ಜೆಯ ಉತ್ತರ ದೊರೆತ ಮೇಲೆಯೇ ಮುಂದಿನ ಹೆಜ್ಜೆಯಿಡಬೇಕಾದ ಲೆಕ್ಕವನ್ನು ಹಾಗೆ ಹಂಚಲಾಗದು. ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕತಜ್ಞರು 1967ರಲ್ಲೇ ಈ ಮಿತಿಯನ್ನು ಎತ್ತಿ ತೋರಿಸಿದರು. ಕೆಲಸದ ಅರ್ಧಭಾಗ ಹಂಚಲಾಗದಂಥದ್ದಾದರೆ, ಸಾವಿರ ಕೋರುಗಳನ್ನು ಕೂಡಿಸಿದರೂ ಒಟ್ಟು ವೇಗ ಎರಡರಷ್ಟನ್ನು ಮುಟ್ಟದು.

ಹಾಡು ಕೇಳುತ್ತಲೇ ಪತ್ರ ಬರೆಯುವ ಸೌಲಭ್ಯವನ್ನು ಎಳೆಗಳ ಪರವಾಗಿ ಹೇಳುವವರಿದ್ದಾರೆ. ಒಂದೇ ಕೋರಿನ, ಒಂದೇ ಎಳೆಯ ಹಳೆಯ ಯಂತ್ರಗಳೂ ಕಾಲವನ್ನು ಚೂರುಚೂರಾಗಿ ಹಂಚಿ ಅದನ್ನು ನಿರ್ವಹಿಸುತ್ತಿದ್ದವು. ಮನೆಯವರು ದಿನವೂ ಬಳಸುವ ತಂತ್ರಾಂಶವನ್ನೇ ಅಂಗಡಿಯಲ್ಲಿ ನಡೆಸಿ, ಗಡಿಯಾರ ಹಿಡಿದು ನೋಡುವುದು ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ.

2024ರಲ್ಲಿ ಇಂಟೆಲ್ ಸಂಸ್ಥೆಯೇ ಮನೆಬಳಕೆಯ ಕೆಲವು ಹೊಸ ಸಂಸ್ಕಾರಕಗಳಲ್ಲಿ ಈ ಉಪಾಯವನ್ನು ಕೈಬಿಟ್ಟಿತು. ಹಿಂದಿನ ಶ್ರೇಷ್ಠ ಮಾದರಿಯಲ್ಲಿ 24 ಕೋರುಗಳಿಗೆ 32 ಎಳೆಗಳಿದ್ದವು; ಹೊಸತರಲ್ಲಿ 24 ಕೋರುಗಳಿಗೆ 24 ಎಳೆಗಳು ಮಾತ್ರ.