ಗುಲಾಬಿ ಆರಿಸಲು ಆಗಸ್ಟ್‌ನಲ್ಲಿ ಹೋಗಿ

ರಾಜ್ಯೋತ್ಸವದ ಈ ಸಂಚಿಕೆಗೆ ಬಂದ ಕವನಗಳಲ್ಲಿ ತಾಯಿ ಭುವನೇಶ್ವರಿಯ ಸ್ತುತಿಗೆ ಕೊರತೆಯಿಲ್ಲ. ಹಾಗಾಗಿ ಸಂಪಾದಕೀಯದ ಪುಟವನ್ನು ಬಳ್ಳಿ ಗುಲಾಬಿಗೆ ಬಿಟ್ಟುಕೊಟ್ಟರೆ ಆಕೆ ಮುನಿಸಿಕೊಳ್ಳಲಾರಳು.

ಊಟಿಯಲ್ಲಿ ನೆಲೆಸಿದ ನಮ್ಮಲ್ಲಿ ಬೇಗೂರು, ಗುಂಡ್ಲುಪೇಟೆ ಕಡೆಯವರು ಬಹಳ. ಮನೆ ಕಟ್ಟಿಸಿದ ಕೂಡಲೇ ಗೇಟಿನ ಕಮಾನಿಗೆ ಗುಲಾಬಿ ಹಬ್ಬಿಸುವ ಆಸೆ; ಗಿಡ ಮಾತ್ರ ಊರಿನದೇ ಆಗಬೇಕು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ದಾರಿ ಮುಚ್ಚುವ ಮುನ್ನ ಕಾರಿನ ಡಿಕ್ಕಿಯಲ್ಲಿ ಕುಂಡವಿಟ್ಟುಕೊಂಡು ಓಡಿ ಬರುವವರುಂಟು. ಬೇಗೂರಿನ ಬಿಸಿಲಲ್ಲಿ, ಚೆಂಡು ಹೂವಿನ ಹೊಲದ ಪಕ್ಕ ಸೊಂಪಾಗಿದ್ದ ಗಿಡ 2,240 ಮೀಟರ್ ಎತ್ತರಕ್ಕೆ ಬಂದದ್ದೇ ಸೊರಗುತ್ತದೆ. ಬೈಗುಳವೆಲ್ಲ ಚಳಿಗೆ.

ಚಳಿ ಪಾಪ, ಅಷ್ಟು ಕೆಟ್ಟದ್ದಲ್ಲ. ಡಿಸೆಂಬರ್, ಜನವರಿಯಲ್ಲಿ ತಗ್ಗಿನ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದಾಗ ಎಳೆ ಚಿಗುರು ಸುಡುತ್ತದೆ. ಬಲಿತ ಕಾಂಡ ಉಳಿಯುತ್ತದೆ. ನಿಜವಾದ ಚಳಿಗೆಂದೇ ಬೆಳೆಸಿದ ಬಳ್ಳಿಗಳು ಕೆನಡಾದಲ್ಲಿವೆ. ಒಟ್ಟಾವದ ಸರ್ಕಾರಿ ಪ್ರಯೋಗ ಕ್ಷೇತ್ರದಲ್ಲಿ ಫೆಲಿಸಿಟಾಸ್ ಸ್ವೈಡಾ ಎಂಬ ವಿಜ್ಞಾನಿ ರೂಪಿಸಿದ 'ಜಾನ್ ಕ್ಯಾಬಟ್' (1978), 'ವಿಲಿಯಂ ಬ್ಯಾಫಿನ್' (1983) ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತವೆ. ಟೊರಾಂಟೊದ ಮಗಳ ಮನೆಯಲ್ಲಿ ಅವನ್ನು ಕಂಡವರು ಇಲ್ಲಿಗೂ ಬೇಕೆನ್ನುತ್ತಾರೆ. ನಮಗವು ಬೇಕಿಲ್ಲ.

ನಮ್ಮ ಗುಲಾಬಿಯನ್ನು ಕೊಲ್ಲುವುದು ಜೂನ್‌ನಿಂದ ಹಿಡಿಯುವ ಜಡಿಮಳೆ. ದಿನಗಟ್ಟಲೆ ಒದ್ದೆಯಾಗಿರುವ ಎಲೆಯಲ್ಲಿ ಮೊದಲು ಅಂಚು ಚದುರಿದ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ. ಆಮೇಲೆ ಬುಡದಿಂದ ಮೇಲಕ್ಕೆ ಎಲೆ ಉದುರಿ ಬಳ್ಳಿ ಬೋಳು. ಆದ್ದರಿಂದ ಊಟಿಯ ಸರ್ಕಾರಿ ಗುಲಾಬಿ ತೋಟಕ್ಕೆ ಮೇ ತಿಂಗಳ ಜಾತ್ರೆಯಲ್ಲಿ ಹೋಗಿ ಹೂವಿಗೆ ಮರುಳಾಗಬೇಡಿ. ಆಗಸ್ಟ್‌ನಲ್ಲಿ ಕೊಡೆ ಹಿಡಿದು ಹೋಗಿ. ಅಷ್ಟು ಮಳೆ ತಿಂದೂ ಮೈತುಂಬ ಹಸಿರೆಲೆ ಉಳಿಸಿಕೊಂಡಿರುವ ಬಳ್ಳಿ ಯಾವುದು ನೋಡಿ, ಅದರ ಹೆಸರು ಬರೆದುಕೊಳ್ಳಿ. ನಿಮ್ಮ ಆಯ್ಕೆ ಅಲ್ಲಿಗೆ ಮುಗಿಯಿತು.

ನೆಡುವ ಜಾಗ ಬೆಳಗಿನ ಬಿಸಿಲು ಬೀಳುವಂಥದಿರಲಿ, ಎಲೆ ಬೇಗ ಆರಬೇಕು. ಗೋಡೆಗೆ ಅಂಟಿಸದೆ ಗಾಳಿಯಾಡಲು ಒಂದು ಗೇಣು ಬಿಡಿ. ನೀಲಗಿರಿಯ ಮಣ್ಣು ಹುಳಿ. ಕೊಟ್ಟಿಗೆ ಗೊಬ್ಬರ ಹಾಕುವ ಕೆಲವು ವಾರ ಮೊದಲು ಸ್ವಲ್ಪ ಸುಣ್ಣ ಬೆರೆಸಬೇಕು. ಗುಲಾಬಿಗೆ ಹಾಗಲದಂತೆ ಕುಡಿ ಇಲ್ಲ, ಬೇಲಿಯನ್ನು ತಾನಾಗಿ ಸುತ್ತಿಕೊಳ್ಳದು, ನಾವೇ ಕಟ್ಟಬೇಕು. ನೆಟ್ಟಗೆ ಮೇಲಕ್ಕೆ ಬಿಟ್ಟರೆ ಹೂವೆಲ್ಲ ನೆತ್ತಿಯಲ್ಲಿ, ನೋಡುವ ಭಾಗ್ಯ ಮಹಡಿಯವರಿಗೆ. ಉದ್ದ ಕಾಂಡವನ್ನು ಬಾಗಿಸಿ ಬೇಲಿಯುದ್ದಕ್ಕೆ ಅಡ್ಡಲಾಗಿ ಕಟ್ಟಿದರೆ ಗಿಣ್ಣು ಗಿಣ್ಣಿನಲ್ಲೂ ಪಕ್ಕದ ಚಿಗುರೊಡೆದು ಹೂ ಬಿಡುತ್ತದೆ. ಮೊದಲೆರಡು ವರ್ಷ ಒಣಗಿದ ಕಡ್ಡಿ ಬಿಟ್ಟು ಬೇರೇನನ್ನೂ ಸವರಬೇಡಿ. ಕಸಿ ಗಂಟಿನ ಕೆಳಗಿನಿಂದ ಹೊರಟ ಚಿಗುರನ್ನು ಮಾತ್ರ ಕಂಡ ತಕ್ಷಣ ಕಿತ್ತುಹಾಕಿ.

ಈ ಬೆಟ್ಟಕ್ಕೆ ತನ್ನದೇ ಬಳ್ಳಿ ಗುಲಾಬಿ ಇದೆಯೆಂಬುದು ಎಷ್ಟು ಜನಕ್ಕೆ ಗೊತ್ತು? ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡಿನಂಚಿನಲ್ಲಿ ಬಿಳಿ ಹೂ ಬಿಡುವ ರೋಸಾ ಲೆಷೆನಾಲ್ಟಿಯಾನಾ ಮರಗಳನ್ನು ಹತ್ತಿಕೊಂಡು ಬೆಳೆಯುತ್ತದೆ. ದಯವಿಟ್ಟು ಕಾಡಿನಿಂದ ಕೀಳಬೇಡಿ. ಕೊಡೈಕನಾಲ್‌ನ ವಿರು ವೀರರಾಘವನ್ ಮಣಿಪುರದ ಕಾಡು ಗುಲಾಬಿಯನ್ನು ಒಗ್ಗಿಸಿ ನಮ್ಮ ಹವೆಗೆ ಹೊಂದುವ ತಳಿಗಳನ್ನು ರೂಪಿಸಿದ್ದಾರೆ. ನರ್ಸರಿಯವರು ಯುರೋಪಿನ ಪಟ್ಟಿಯ ಜೊತೆ ಇಂಥವನ್ನೂ ತರಿಸಲಿ.

ಕೊನೆಗೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೊಂದು ವಿನಂತಿ. ನವೆಂಬರ್‌ನಲ್ಲಿ ಸಸಿ ಹಂಚಿದರೆ ಬೇರೂರುವ ಮೊದಲೇ ಅದು ಹೆಪ್ಪುಮಂಜಿಗೆ ಸಿಕ್ಕುತ್ತದೆ. ರಾಜ್ಯೋತ್ಸವಕ್ಕೆ ಸಂಚಿಕೆ, ಲಾಡು ಸಾಕು. ಸಸಿ ಯುಗಾದಿಗೆ ಕೊಡೋಣ.