ಮನವಿ ಪತ್ರದ ಜೊತೆಗೆ ಒಂದು ಮಷಿನ್ನೂ ಇರಲಿ

ನಾವು ಇಲ್ಲಿ ಹೆಚ್ಚಾಗಿ ಬರೆಯೋದು ಶಾಲೆ, ಶಿಕ್ಷಕರ ನೇಮಕ, ತಡವಾಗಿ ಬರುವ ಪಠ್ಯಪುಸ್ತಕ, ಕನ್ನಡದಲ್ಲಿ ಸಿಗದ ಅರ್ಜಿ ನಮೂನೆ, ಇಂಥ ವಿಷಯಗಳನ್ನೇ. ಅದೆಲ್ಲ ಬೇಕು, ಬಿಡಬಾರದು. ಆದರೆ ಇವತ್ತು ಕಬ್ಬಿಣದ ತಗಡಿನ ಬಗ್ಗೆ ಬರೀತೀನಿ. ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮದು ಜತ್ತ ತಾಲೂಕಿನ ಪೂರ್ವ ಭಾಗ. ಸೋದರತ್ತೆ ಮಗ ಹತ್ತನೇ ತನಕ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಐಟಿಐನಲ್ಲಿ ವೆಲ್ಡಿಂಗ್ ಕಲಿತ. ಪಾಠ ಮರಾಠಿಯಲ್ಲಿ, ಪುಸ್ತಕ ಅರ್ಧ ಇಂಗ್ಲಿಷಿನಲ್ಲಿ. ಹೇಗೋ ಪಾಸಾದ. ಪುಣೆಯಲ್ಲಿ ನಾಲ್ಕು ವರ್ಷ ದುಡಿದು, ಅಪ್ಪನಿಗೆ ಆರಾಮಿಲ್ಲ ಅಂತ ಊರಿಗೆ ಬಂದ. ಮನೆ ಹಿಂದಿನ ಪತ್ರಾಸ್ ಶೆಡ್‌ನಲ್ಲಿ ಗೇಟು, ಗ್ರಿಲ್ಲು ಮಾಡ್ಕೊಂಡಿದ್ದ. ಎರಡು ವರ್ಷದ ಹಿಂದೆ ನನ್ನ ಹತ್ರ ಬಂದು, "ಅಣ್ಣಾ, ಕಂಪ್ಯೂಟರ್ ಹೇಳಿದಂಗ ತಗಡು ಕತ್ತರಿಸೋ ಪ್ಲಾಸ್ಮಾ ಮಷಿನ್ ಹಾಕ್ಬೇಕು ಅನ್ಕೊಂಡೀನಿ. ಆದ್ರ ಅದಕ್ಕ ಇಂಗ್ಲಿಷ್ ಬರಬೇಕಲ್ಲಾ?" ಅಂದ.

ಈ ಪ್ರಶ್ನೆಗೇ ಈ ಲೇಖನ. ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವನು, ಮಷಿನ್ ಗೊತ್ತಿದ್ದವನಲ್ಲ. ಸಾಲದ ಕಾಗದ ನೋಡಿಕೊಡೋಕೆ ಹೋದವನು ಆರು ತಿಂಗಳು ಭಾನುವಾರವೆಲ್ಲ ಆ ಶೆಡ್‌ನಲ್ಲೇ ಕಳೆದೆ.

ಮೊದಲು ಇದು ಏನು ಅಂತ ಹೇಳ್ತೀನಿ. ಟಾರ್ಚಿನ ಸಣ್ಣ ತೂತಿನಿಂದ ಗಾಳಿಯನ್ನು ಒತ್ತಡದಲ್ಲಿ ಬಿಟ್ಟು, ಅದರೊಳಗೆ ವಿದ್ಯುತ್ ಆರ್ಕ್ ಹಾಯಿಸ್ತಾರೆ. ಗಾಳಿ ಇಪ್ಪತ್ತು ಸಾವಿರ ಡಿಗ್ರಿ ಹತ್ತಿರ ಕಾದು ಪ್ಲಾಸ್ಮಾ ಆಗುತ್ತೆ. ಅದು ಕಬ್ಬಿಣ ಕರಗಿಸುತ್ತೆ, ಗಾಳಿಯ ರಭಸ ಕರಗಿದ್ದನ್ನು ಕೆಳಗೆ ಊದಿ ಹಾಕುತ್ತೆ. ಇದೇ ಟಾರ್ಚನ್ನು ಮೇಜಿನ ಮೇಲೆ ಓಡಾಡುವ ಚೌಕಟ್ಟಿಗೆ ಕಟ್ಟಿ, ಸ್ಟೆಪ್ಪರ್ ಮೋಟರ್ ಹಚ್ಚಿದರೆ ಸಿಎನ್‌ಸಿ. ಕಂಪ್ಯೂಟರ್ ಕಳಿಸೋದು ಜಿ-ಕೋಡ್. ಅದರಲ್ಲಿ ಇರೋದು ಎಕ್ಸ್ ಇಷ್ಟು, ವೈ ಇಷ್ಟು, ವೇಗ ಇಷ್ಟು ಅನ್ನೋ ಅಂಕಿಗಳು. ಮಷಿನ್ನಿಗೆ ಇಂಗ್ಲಿಷೂ ಬೇಡ, ಮರಾಠಿಯೂ ಬೇಡ. ಅಳತೆ ತಪ್ಪಬಾರದು, ಅಷ್ಟೇ. ಇಂಗ್ಲಿಷ್ ಬೇಕಾಗೋದು ಕೈಪಿಡಿ ಓದೋಕೆ. ನಮ್ಮ ಹುಡುಗರು ಹಿಂದೆ ಸರಿಯೋದು ಅಲ್ಲೇ.

ನಾವು ಎಡವಿದ್ದನ್ನೂ ಹೇಳ್ತೀನಿ, ನೀವು ಎಡವಬೇಡಿ.

ಒಂದು: ಕಡಿಮೆ ಬೆಲೆಗೆ ಸಿಕ್ತು ಅಂತ ಹೈ-ಫ್ರೀಕ್ವೆನ್ಸಿಯಿಂದ ಆರ್ಕ್ ಹೊತ್ತಿಸುವ ಕಟರ್ ತಂದ. ಕೈಯಿಂದ ಕತ್ತರಿಸೋಕೆ ಅದು ಚೆನ್ನಾಗೇ ಇದೆ. ಕಂಪ್ಯೂಟರ್‌ಗೆ ಜೋಡಿಸಿ ಟಾರ್ಚ್ ಹೊತ್ತಿಸಿದ ಕೂಡಲೇ ಮೌಸ್ ನಿಂತುಹೋಯ್ತು, ಚೌಕಟ್ಟು ಅಡ್ಡಾದಿಡ್ಡಿ ಓಡ್ತು. ಆ ಕಿಡಿಯ ಗದ್ದಲ ತಂತಿಗಳೊಳಗೆ ಸೇರುತ್ತೆ. ಕೊನೆಗೆ ನಷ್ಟಕ್ಕೆ ಮಾರಿ, ಬ್ಲೋಬ್ಯಾಕ್ ರೀತಿಯಲ್ಲಿ ಪೈಲಟ್ ಆರ್ಕ್ ಹೊತ್ತಿಸುವ, ಸಿಎನ್‌ಸಿ ಪೋರ್ಟ್ ಇರುವ 60 ಆಂಪಿಯರ್ ಕಟರ್ ತಂದ. ಮೇಜಿಗೆ ಪ್ರತ್ಯೇಕ ಅರ್ಥಿಂಗ್, ಶೀಲ್ಡ್ ಇರುವ ಕೇಬಲ್, ಟಾರ್ಚಿನ ತಂತಿಯಿಂದ ಮೋಟರ್ ತಂತಿ ದೂರ. ಇಷ್ಟಾದ ಮೇಲೆ ಸರಿಹೋಯ್ತು.

ಎರಡು: ನೀರು. ಕಂಪ್ರೆಸರ್ ಗಾಳಿ ಬಿಸಿ ಇರುತ್ತೆ, ತಣಿದಾಗ ತೇವ ನೀರಾಗುತ್ತೆ. ಆ ನೀರು ಟಾರ್ಚಿಗೆ ಹೋದ್ರೆ ನಾಝಲ್ಲು, ಎಲೆಕ್ಟ್ರೋಡು ಸುಟ್ಟು ಹಾಳು. ಮಳೆಗಾಲದಲ್ಲಿ ಒಂದೇ ದಿನ ಮೂರು ನಾಝಲ್ ಹೋದವು. ಈಗ ಟ್ಯಾಂಕಿನ ನೀರು ದಿನಾ ತೆಗೀತಾನೆ, ಸಾಲಿನಲ್ಲಿ ಸೆಪರೇಟರ್ರೂ ಡ್ರೈಯರ್ರೂ ಹಾಕಿದ್ದಾನೆ. ಕಾಸರಗೋಡು, ವಯನಾಡಿನ ಗೆಳೆಯರೇ, ನಮ್ಮ ಬರದ ಸೀಮೆಯಲ್ಲೇ ಹೀಗಾದ್ರೆ ನಿಮ್ಮಲ್ಲಿ ಇದಕ್ಕೆ ಮೊದಲೇ ದುಡ್ಡು ಇಡಿ.

ಮೂರು: ಎತ್ತರ. ತಗಡು ಚುಚ್ಚುವಾಗ ಟಾರ್ಚು ಮೂರು-ನಾಲ್ಕು ಮಿಲಿಮೀಟರ್ ಮೇಲೆ, ಕತ್ತರಿಸುವಾಗ ಸುಮಾರು ಒಂದೂವರೆ. ತೆಳು ತಗಡು ಕಾವಿಗೆ ಡೊಂಕಾಗುತ್ತೆ. ಆಗ ಆರ್ಕಿನ ವೋಲ್ಟೇಜ್ ನೋಡಿ ಟಾರ್ಚನ್ನು ತಾನೇ ಮೇಲೆ ಕೆಳಗೆ ಮಾಡುವ ಎತ್ತರ ನಿಯಂತ್ರಕ ಬೇಕು. ಇದನ್ನು ಉಳಿಸೋಕೆ ಹೋಗಬೇಡಿ. ಇನ್ನು, ಕತ್ತರಿಸಿದ ಗೀರಿಗೆ ಒಂದೂವರೆ ಮಿಲಿಮೀಟರ್ ಅಗಲ ಇರುತ್ತೆ, ಅದನ್ನು ಲೆಕ್ಕಕ್ಕೆ ಹಿಡೀಬೇಕು. ಒಳ ತೂತು ಮೊದಲು, ಗಡಿಯಾರಕ್ಕೆ ವಿರುದ್ಧ ದಿಕ್ಕಲ್ಲಿ. ಹೊರ ಅಂಚು ಆಮೇಲೆ, ಗಡಿಯಾರದ ದಿಕ್ಕಲ್ಲಿ. ಹೀಗೆ ಮಾಡಿದ್ರೆ ನೆಟ್ಟಗಿನ ಅಂಚು ನಮ್ಮ ತುಂಡಿಗೆ ಸಿಗುತ್ತೆ, ಓರೆ ಅಂಚು ಚೂರಿಗೆ ಹೋಗುತ್ತೆ.

ಜೀವದ ಮಾತು: ಇದು ವಾಸದ ಕೋಣೆಯಲ್ಲಿ ಮಾಡೋ ಕೆಲಸ ಅಲ್ಲ. ಮೇಜಿನ ಕೆಳಗೆ ನೀರಿನ ತೊಟ್ಟಿ ಇಟ್ರೆ ಧೂಳು, ಹೊಗೆ ಬಹಳ ಕಡಿಮೆ. ಆದರೆ ನೀರಿನ ಮೇಲೆ ಅಲ್ಯೂಮಿನಿಯಂ ಕತ್ತರಿಸಿದ್ರೆ ಹೈಡ್ರೋಜನ್ ಸೇರ್ಕೊಂಡು ಸಿಡಿಯುವ ಅಪಾಯ ಇದೆ. ಸತುವಿನ ಲೇಪ ಇರುವ ಜಿಐ ತಗಡಿನ ಹೊಗೆ ಕುಡಿದ್ರೆ ಜ್ವರ ಬರುತ್ತೆ. ತಂಪು ಕನ್ನಡಕ ಸಾಲದು, ಆಂಪಿಯರ್‌ಗೆ ತಕ್ಕ ಶೇಡ್ ಗ್ಲಾಸೇ ಬೇಕು.

ಈಗ ಅಕ್ಷರದ ವಿಷಯಕ್ಕೆ ಬರ್ತೀನಿ. ಅವನು ಮೊದಲು ಮಾಡಬೇಕು ಅಂದಿದ್ದು ತಾನು ಓದಿದ ಕನ್ನಡ ಶಾಲೆಗೆ ಒಂದು ನಾಮಫಲಕ, ದುಡ್ಡು ತಗೊಳ್ಳದೇ. ಹಳೇ ಬೋರ್ಡಿನ ಬಣ್ಣ ಹೋಗಿ ವರ್ಷಗಳಾಗಿದ್ವು. ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಹೆಸರು ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು, ಕೆಳಗೆ ಇರಬೇಕಾದ್ದು ಪಕ್ಕಕ್ಕೆ ಬಂದು ಕೂತಿತ್ತು. ಬಹಳಷ್ಟು ಡ್ರಾಯಿಂಗ್ ಸಾಫ್ಟ್‌ವೇರ್‌ಗಳಿಗೆ ನಮ್ಮ ಲಿಪಿ ಜೋಡಿಸೋಕೆ ಬರಲ್ಲ. ದಾರಿ ಇದೆ: ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ತರಹದ ದಪ್ಪ ಫಾಂಟ್ ತಗೊಂಡು, ಅಕ್ಷರವನ್ನು ಗೆರೆಯಾಗಿ ಬದಲಿಸಿ, ಆ ಗೆರೆಯನ್ನೇ ಮಷಿನ್ನಿನ ಸಾಫ್ಟ್‌ವೇರ್‌ಗೆ ಕೊಡಿ.

ಆಮೇಲೂ ಒಂದು ತೊಡಕು. ತಗಡಿನಲ್ಲಿ ಅಕ್ಷರ ಕೊರೆದಾಗ ಸೊನ್ನೆಯ ಒಳಗಿನ ಬಿಲ್ಲೆ ಉದುರಿ ಬೀಳುತ್ತೆ. ರ ಅಕ್ಷರದ ಹೊಟ್ಟೆ, ಠ ಅಕ್ಷರದ ಚುಕ್ಕೆ, ಎಲ್ಲಾ ಹಾಗೇ. ಬಿಡಿ ಅಕ್ಷರ ಮಾಡಿದ್ರೆ ಉಲ್ಟಾ: 'ಕನ್ನಡ' ಅಂತ ಕತ್ತರಿಸಿದ್ರೆ ನ ಒತ್ತು ಬೇರೆ ತುಂಡಾಗಿ ಕೆಳಗೆ ಬೀಳ್ತು. ನೀರಿನ ತೊಟ್ಟಿಯಲ್ಲಿ ಕೈಹಾಕಿ ಹುಡುಕಿದ್ವಿ. ಅದಕ್ಕೆ ಮೂರು-ನಾಲ್ಕು ಮಿಲಿಮೀಟರ್ ಅಗಲದ ಸೇತುವೆ ಬಿಟ್ಟು ಜೋಡಿಸಬೇಕು. ಎಲ್ಲಿ ಬಿಟ್ರೆ ಓದೋಕೆ ಅಡ್ಡಿ ಆಗಲ್ಲ ಅನ್ನೋದು ಕನ್ನಡ ಓದುವವನಿಗೆ ಮಾತ್ರ ತಿಳಿಯುತ್ತೆ. ಸಾಂಗಲಿಯಲ್ಲೋ ಕೊಲ್ಲಾಪುರದಲ್ಲೋ ದೊಡ್ಡ ಲೇಸರ್ ಮಷಿನ್ ಇದ್ದವನಿಗೆ ಇದು ಗೊತ್ತಾಗಲ್ಲ. ನಮ್ಮ ಹುಡುಗರ ಕನ್ನಡ ಶಾಲೆ ಓದು ದುಡ್ಡು ತರೋ ಜಾಗ ಇದು.

"ಮಹಾರಾಷ್ಟ್ರದಲ್ಲಿ ಕನ್ನಡ ಬೋರ್ಡ್ ಹಾಕೋಕೆ ಬಿಡ್ತಾರಾ?" ಅಂತ ಬಹಳ ಜನ ಕೇಳ್ತಾರೆ. 2022ರ ತಿದ್ದುಪಡಿ ಪ್ರಕಾರ ಅಂಗಡಿಯ ಫಲಕದಲ್ಲಿ ದೇವನಾಗರಿಯ ಮರಾಠಿ ಮೊದಲು ಇರಬೇಕು, ಬೇರೆ ಭಾಷೆಯ ಅಕ್ಷರಕ್ಕಿಂತ ಸಣ್ಣದಾಗಿರಬಾರದು. ಅಂದ್ರೆ ಬೇರೆ ಭಾಷೆ ಹಾಕಬಾರದು ಅಂತಲ್ಲ. ಮೇಲೆ ಮರಾಠಿ, ಕೆಳಗೆ ಅಷ್ಟೇ ಗಾತ್ರದ ಕನ್ನಡ, ಕಾನೂನಿಗೆ ಸರಿ. ನನ್ನ ತಮ್ಮ ಈಗ ಎರಡೂ ಸೇರಿಸಿಯೇ ದರ ಹೇಳ್ತಾನೆ. ಜಗಳ ಇಲ್ಲದೆ ಏಳೆಂಟು ಅಂಗಡಿ ಮೇಲೆ ಕನ್ನಡ ಬಂದಿದೆ.

ಇನ್ನು ದುಡ್ಡು. ನಾಲ್ಕು ಅಡಿ ಚೌಕದ ಮೇಜಿಗೆ ನಮ್ಮ ಲೆಕ್ಕ ಹೀಗಿತ್ತು: ಮೇಜು, ಮೋಟರ್, ಕಂಟ್ರೋಲರ್ 1,35,000, ಕಟರ್ ಮತ್ತು ಮಷಿನ್ ಟಾರ್ಚ್ 75,000, ಕಂಪ್ರೆಸರ್, ಡ್ರೈಯರ್ 60,000, ಎತ್ತರ ನಿಯಂತ್ರಕ 20,000, ವೈರಿಂಗ್, ಅರ್ಥಿಂಗ್ 25,000, ಹಳೇ ಕಂಪ್ಯೂಟರ್ 15,000, ತಗಡು, ನಾಝಲ್ಲು 30,000. ಒಟ್ಟು 3,60,000. ಮಾರಿದ ಮೊದಲ ಕಟರ್‌ನ ನಷ್ಟ ಇದರಲ್ಲಿ ಸೇರಿಲ್ಲ. 60 ಸಾವಿರ ಕೈಯಿಂದ, 3 ಲಕ್ಷ ಮುದ್ರಾ ಸಾಲ, ಕಿಶೋರ್ ವರ್ಗ. ಶೇ. 11ರ ಬಡ್ಡಿಗೆ ಐದು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 6,500. 10 ಲಕ್ಷದೊಳಗಿನ ಮುದ್ರಾ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ನೆನಪಿರಲಿ. ಆದರೂ ಅವನು ಮೊದಲು ಹೋದ ಒಂದು ಶಾಖೆಯಲ್ಲಿ ಹೊಲದ ಉತಾರ ತಾ ಅಂದ್ರು. ನಿಯಮ ಗೊತ್ತಿದ್ರೆ ವಿನಯದಿಂದಲೇ ತೋರಿಸಬಹುದು. ಉದ್ಯಮ್ ನೋಂದಣಿ ಉಚಿತ, ಏಜೆಂಟಿಗೆ ದುಡ್ಡು ಕೊಡಬೇಡಿ.

ಒಂದು ತಪ್ಪು ತಿಳಿವಳಿಕೆ ಬಿಡಿಸ್ತೀನಿ. ಪಿಎಂಇಜಿಪಿ ಸಹಾಯಧನದಲ್ಲಿ ಹಳ್ಳಿಯ ಸಾಮಾನ್ಯ ವರ್ಗಕ್ಕೆ ಶೇ. 25, ವಿಶೇಷ ವರ್ಗಕ್ಕೆ ಶೇ. 35 ಅಂತಿದೆ. ವಿಶೇಷ ವರ್ಗದಲ್ಲಿ 'ಅಲ್ಪಸಂಖ್ಯಾತರು' ಅನ್ನೋ ಪದ ನೋಡಿ ನಮ್ಮ ಹುಡುಗರು ಖುಷಿಯಿಂದ ಬರ್ತಾರೆ. ಅದು ಧಾರ್ಮಿಕ ಅಲ್ಪಸಂಖ್ಯಾತರಿಗೆ. ಭಾಷೆಯ ಲೆಕ್ಕಕ್ಕೆ ಅಲ್ಲಿ ಜಾಗ ಇಲ್ಲ. ಸಂವಿಧಾನದ 350ಎ ವಿಧಿ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತಾಡುತ್ತೆ, ಶಾಲೆ ಮುಗಿಸಿದ ಮೇಲಿನ ಅನ್ನದ ಮಾತು ಆಡಲ್ಲ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಮಹಿಳೆ, ಈ ಯಾವುದಾದ್ರೂ ಸಾಲಿನಲ್ಲಿ ನೀವಿದ್ರೆ ಆ ದಾರಿಯಲ್ಲಿ ಕೇಳಿ. ಅದೂ ಹೊಸ ಘಟಕಕ್ಕೆ ಮಾತ್ರ. ನಿಯಮ ಬದಲಾಗ್ತಿರುತ್ತೆ, ಅರ್ಜಿಗೆ ಮುಂಚೆ ವಿಚಾರಿಸಿ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಆರ್ಡರ್ ಇಲ್ಲದೆ ಮಷಿನ್ ತಂದವರ ಖಾತೆ 90 ದಿನ ಕಂತು ನಿಂತ ಕೂಡಲೇ ಎನ್‌ಪಿಎ ಆಗೋದನ್ನು ನಾನು ದಿನಾ ನೋಡ್ತೀನಿ. ಅದಕ್ಕೇ ಮೊದಲು ಮಷಿನ್ ಬೇಡ. ಆರು ತಿಂಗಳು ಡ್ರಾಯಿಂಗ್ ನೀವು ಮಾಡಿ, ಕತ್ತರಿಸೋದನ್ನು ಸಾಂಗಲಿ, ಸೋಲಾಪುರ, ವಿಜಯಪುರ, ಹೊಸೂರು ಇಂಥಲ್ಲಿ ಜಾಬ್‌ವರ್ಕ್ ಕೊಟ್ಟು ಮಾಡಿಸಿ. ತಿಂಗಳಿಗೆ ಕಂತಿನ ಎರಡು ಪಟ್ಟು ಉಳಿತಾಯ ಕಂಡ್ರೆ ಮಾತ್ರ ಸಾಲ ತಗೊಳ್ಳಿ. ನನ್ನ ತಮ್ಮನಿಗೆ ಬೋರ್ಡಿನಿಂದ ಹೊಟ್ಟೆ ತುಂಬಲ್ಲ. ದ್ರಾಕ್ಷಿ ತೋಟದ ಚಪ್ಪರಕ್ಕೆ ಪ್ಲೇಟು, ಟ್ರ್ಯಾಕ್ಟರ್ ಸಾಮಾನಿನ ಬ್ರ್ಯಾಕೆಟ್ಟು, ಗೇಟಿನ ಡಿಸೈನು, ಇವು ಅವನ ದಿನದ ರೊಟ್ಟಿ.

"ಮಷಿನ್ ಹಾಕಿದ್ರೆ ಭಾಷೆ ಉಳಿಯುತ್ತೇನಪ್ಪಾ?" ಅಂತ ಹಿರಿಯರೊಬ್ಬರು ಕೇಳಿದ್ರು. ಇಲ್ಲ ರೀ, ಮಷಿನ್ನಿಂದ ಶಿಕ್ಷಕರ ಹುದ್ದೆ ತುಂಬಲ್ಲ. ಆದ್ರೆ ಜೂನ್ ತಿಂಗಳಲ್ಲಿ ಮನೆ ಮನೆಗೆ ಹೋಗಿ 'ಮಗೂನ್ನ ಕನ್ನಡ ಶಾಲೆಗೆ ಹಾಕಿ' ಅಂದಾಗ ತಾಯಿ ಕೇಳೋದು ಒಂದೇ: "ಅಲ್ಲಿ ಕಲ್ತು ಏನ್ ಆಗ್ತಾನ?" ಇಷ್ಟು ವರ್ಷ ನಮ್ಮ ಬಳಿ ಅದಕ್ಕೆ ಉತ್ತರ ಇರಲಿಲ್ಲ, ಭಾಷಣ ಇತ್ತು. ಈಗ ನಮ್ಮೂರಲ್ಲಿ ಆ ಶೆಡ್ಡಿನ ಕಡೆ ಕೈ ತೋರಿಸ್ತೀವಿ.

ಹಾಗಾಗಿ ಸಂಘಟನೆಯವರಲ್ಲಿ ಎರಡು ವಿನಂತಿ. ನವೆಂಬರ್ ಬಂತು ಅಂದ್ರೆ ರಾಜ್ಯೋತ್ಸವದ ಸ್ಮರಣಿಕೆ, ಫಲಕ ಎಲ್ಲಾ ದೂರದ ಪೇಟೆಯಿಂದ ತರಿಸ್ತೀವಿ. ಆ ಕೆಲಸ ನಮ್ಮ ಗಡಿ ತಾಲೂಕಿನ ಹುಡುಗರಿಗೇ ಕೊಡಿ. ಮತ್ತೆ, ಈಗಾಗಲೇ ಇಂಥ ಕೆಲಸ ಬಲ್ಲವರು ತಿಳಿದದ್ದನ್ನು ಕನ್ನಡದಲ್ಲಿ ಬರೆದಿಡಿ, ವಿಡಿಯೋ ಮಾಡಿ. ನನ್ನ ತಮ್ಮ ಆಂಪಿಯರ್, ವೇಗ, ಎತ್ತರದ ಪಟ್ಟಿಯನ್ನು ಶೆಡ್ಡಿನ ಗೋಡೆ ಮೇಲೆ ಸುಣ್ಣದಲ್ಲಿ ಕನ್ನಡದಲ್ಲೇ ಬರೆದಿದ್ದಾನೆ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಅದನ್ನು ಓದಿ ಮಷಿನ್ ಓಡಿಸೋದು ಕಲಿತಾ ಇದ್ದಾನೆ.

ಶಾಲೆಯ ಬೋರ್ಡು ಈ ಜೂನ್‌ನಲ್ಲಿ ಏರಿತು. ಒತ್ತು ಗಟ್ಟಿಯಾಗಿ ಕೂತಿದೆ.